ಸಹಾಯ ಬೇಕು: ಬೇಕಲದವರ ಜೊತೆ ಮಾತಾಡಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವಳು. ಬೇಕಲ ಕೋಟೆಯ ಸುತ್ತ ಪ್ರವಾಸೋದ್ಯಮ ಬೆಳೆದ ಮೇಲೆ ಊರಿನವರ ಬದುಕು ಹೇಗಾಗಿದೆ ಅನ್ನೋದು ನನ್ನ ಎಂ.ಎ. ಪ್ರಬಂಧದ ವಿಷಯ. ಪ್ರವಾಸೋದ್ಯಮದ ಸಂಶೋಧಕ ಡಾಕ್ಸಿ 1975ರಲ್ಲಿ ನಾಲ್ಕು ಹಂತ ಹೇಳಿದ್ದಾರೆ: ಪ್ರವಾಸಿಗರು ಬಂದರೆ ಊರಿನವರಿಗೆ ಮೊದಲು ಖುಷಿ, ಆಮೇಲೆ ಉದಾಸೀನ, ಕಿರಿಕಿರಿ, ಕೊನೆಗೆ ವಿರೋಧ. ಆದರೆ ಇಡೀ ಊರಿಗೆ ಒಂದೇ ಹಂತ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಕೋಟೆ ಹತ್ತಿರ ಬೊಂಡ ಮಾರುವವರಿಗೂ ಪಳ್ಳಿಕ್ಕೆರೆ ಕಡಲ ಬದಿಯಲ್ಲಿ ಬಲೆ ಒಣಗಿಸುವವರಿಗೂ ಒಂದೇ ಅಭಿಪ್ರಾಯ ಇರುತ್ತಾ?

ಅಲ್ಲಿ ಜಾಸ್ತಿ ಜನ ಮಾತಾಡೋದು ಮಲಯಾಳ. ನನ್ನ ಮಲಯಾಳ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು ಮಾತ್ರ! ಉದುಮ, ಪಳ್ಳಿಕ್ಕೆರೆ ಕಡೆಯವರು ಯಾರಾದರೂ ಒಂದು ಭಾನುವಾರ ಜೊತೆಗೆ ಬರಬಹುದಾ? ರಿಸಾರ್ಟಿಗೆ ಜಾಗ ಕೊಟ್ಟವರ ಪರಿಚಯ ಇದ್ದರೂ ತಿಳಿಸಿ. ಯಾರ ಹೆಸರನ್ನೂ ಬರೆಯುವುದಿಲ್ಲ. ಇನ್‌ಬಾಕ್ಸ್‌ಗೆ ಮೆಸೇಜ್ ಹಾಕಿ.