ಅಷ್ಟಮಿಗೆ ಕೊರಗ ವೇಷ ಹಾಕಬಹುದಾ? ವಕೀಲರನ್ನು ಕೇಳಿ

ಪ್ರಶ್ನೆ (ಸುರತ್ಕಲ್ ಕಡೆಯವರು):
ನಮಸ್ಕಾರ ಅಕ್ಕಾ. ನಮ್ಮ ಯುವಕ ಸಂಘದಲ್ಲಿ ಅಷ್ಟಮಿಗೆ ಮೊಸರುಕುಡಿಕೆ ಇದೆ, ಜೊತೆಗೆ ವೇಷ ಸ್ಪರ್ಧೆ. ನನ್ನ ಅಕ್ಕನ ಮಗ ಕೊರಗ ವೇಷ ಹಾಕುತ್ತೇನೆಂದು ಹೆಸರು ಕೊಟ್ಟಿದ್ದಾನೆ. ಮೈಗೆ ಮಸಿ, ತಲೆಗೆ ಹಾಳೆಯ ಟೊಪ್ಪಿ ಮುಟ್ಟಾಳೆ, ಸೊಂಟಕ್ಕೆ ಸೊಪ್ಪು, ಕೈಯಲ್ಲಿ ಡೋಲು. ಕಮಿಟಿಯಲ್ಲಿ ಒಬ್ಬರು "ಇದು ಕೇಸಾಗುತ್ತದೆ, ಬೇಡ" ಎಂದು ಹಟ ಹಿಡಿದಿದ್ದಾರೆ. ಅಜ್ಜನ ಕಾಲದಿಂದ ಇರುವ ವೇಷ ಇದು. ಹರಕೆ ಹೊತ್ತು ಹಾಕುವವರೂ ಇದ್ದರು. ಯಾರಿಗೂ ನೋವು ಮಾಡುವ ಉದ್ದೇಶ ಇಲ್ಲ, ಸುಮ್ನೆ ತಮಾಷೆ. ತಪ್ಪಾ?

ಉತ್ತರ (ವಕೀಲೆ, ಮಂಗಳೂರು):
ತಪ್ಪು ಅಣ್ಣ. ಆ ಕಮಿಟಿಯವರಿಗೆ ಒಂದು ಚಾ ಕುಡಿಸಿ.

ಮೊದಲು ಕಾನೂನು ಹೇಳುತ್ತೇನೆ. ಕೊರಗರು ನಮ್ಮ ಕರಾವಳಿಯ ಪರಿಶಿಷ್ಟ ಪಂಗಡದ ಜನ. ಅವರಿಗೆಂದೇ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಇದೆ, 2000ನೇ ಇಸವಿಯ ಅಜಲು ಪದ್ಧತಿ ನಿಷೇಧ ಕಾಯ್ದೆ. ಅಜಲು ಎಂದರೆ ಏನೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು, ಮನೆಯ ಕಷ್ಟ ಕಾಯಿಲೆ ಅವರ ಮೇಲೆ ಹೋಗಲಿ ಅಂತ. ಕಂಬಳ ಶುರುವಾಗುವ ಮೊದಲು ಗದ್ದೆಯಲ್ಲಿ ಅವರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರು. ಇವೆರಡೂ ಆ ಕಾಯ್ದೆಯಲ್ಲಿ ಅಚ್ಚಾಗಿವೆ. ಅದರ ಜೊತೆಗೇ ಇನ್ನೊಂದು ಮಾತು ಸೇರಿದೆ: ಆಚರಣೆಯ ಹೊತ್ತಿನಲ್ಲಾಗಲಿ, ಬೇರೆ ಹೊತ್ತಿನಲ್ಲಾಗಲಿ, ಕೊರಗರನ್ನು ಬೇರೆಯವರಿಗಿಂತ ಕೀಳೆಂದು ನಡೆಸಿಕೊಳ್ಳುವ ಯಾವ ಕೆಲಸವೂ ಅಜಲೇ. ವೇದಿಕೆ ಮೇಲೆ ಮಸಿ ಬಳಿದುಕೊಂಡು ಒಂದು ಸಮುದಾಯವನ್ನು ನಗೆಪಾಟಲು ಮಾಡುವುದು ಅದರೊಳಗೆ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಇದರ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ. ನಾಲ್ಕು ಜನ ನೋಡುವ ಜಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರನ್ನು ಬೇಕೆಂದೇ ಅವಮಾನ ಮಾಡಿದರೆ 3(1)(ಆರ್), ಜಾತಿ ಹೆಸರು ಹಿಡಿದು ಬೈದರೆ 3(1)(ಎಸ್). "ಉದ್ದೇಶ ಇರಲಿಲ್ಲ" ಎಂದು ಕೋರ್ಟಿನಲ್ಲಿ ವಾದ ಮಾಡಬಹುದು, ಮಾಡುತ್ತಾರೆ ಕೂಡ. ಆದರೆ ಆ ವಾದ ಮಾಡಲು ಮೊದಲು ಆರೋಪಿ ಆಗಬೇಕಲ್ವಾ?

ಇನ್ನು ವೇಷದ ವಿಷಯ. ನೀವು ಹೇಳಿದ ಸಾಮಾನು ಒಂದೊಂದಾಗಿ ನೋಡಿ. ಸೊಪ್ಪು ಯಾಕೆ? ಬಟ್ಟೆ ಉಡಲು ಬಿಡದ ಕಾಲದ ಸೊಪ್ಪು ಅದು. 'ಸೊಪ್ಪು ಕೊರಗರು' ಎಂದೇ ಒಂದು ಗುಂಪಿಗೆ ಹೆಸರಿತ್ತು. ಇನ್ನೊಂದು ಗುಂಪು 'ಅಂಡೆ ಕೊರಗರು'. ದಾರಿಯಲ್ಲಿ ಉಗುಳಬಾರದು ಅಂತ ಅವರ ಕುತ್ತಿಗೆಗೆ ಅಂಡೆ, ಅಂದರೆ ಉಗುಳುವ ಪಾತ್ರೆ, ಕಟ್ಟಿಸುತ್ತಿದ್ದರು. ಇದನ್ನು ಈಗ ಬಹುಮಾನಕ್ಕೆ ಕಟ್ಟಿಕೊಳ್ಳುವುದಾ?

ನಾನು ಉಡುಪಿ ಕಡೆಯವಳು. ಸಣ್ಣವಳಿದ್ದಾಗ ಈ ವೇಷ ಮನೆಗೆ ಬಂದರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದೆ. ಎಣ್ಣೆ ಮಸಿಯ ವಾಸನೆ ಈಗಲೂ ನೆನಪಿದೆ. ಒಳಗಿರುವುದು ನಮ್ಮ ಪಕ್ಕದ ಮನೆಯ ಅಣ್ಣನೇ ಎಂದು ಗೊತ್ತು. ಆದರೂ ಅಜ್ಜಿ ಅವನ ಕೈ ತಾಗದ ಹಾಗೆ ನಾಣ್ಯವನ್ನು ಮೇಲಿನಿಂದ ಹಾಕುತ್ತಿದ್ದರು. ವೇಷಕ್ಕೂ ಮೈಲಿಗೆ! ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬ ಕೊರಗ ಹುಡುಗ ಇದ್ದ. ಅವನ ಅಮ್ಮ ಬಳ್ಳಿಯ ಬುಟ್ಟಿ ಹೆಣೆದು ಮಾರುತ್ತಿದ್ದರು. ಅಷ್ಟಮಿಯ ಮರುದಿನ ಹುಡುಗರೆಲ್ಲ ಅವನ ಹಿಂದೆ ಬಾಯಲ್ಲೇ ಡೋಲು ಬಡಿಯುತ್ತಾ ಹೋದರು. ನಾನೂ ಇದ್ದೆ, ಸುಳ್ಳು ಯಾಕೆ ಹೇಳಬೇಕು. ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಐದನೇ ದಿನ ಬಂದವನು ಹಿಂದಿನ ಬೆಂಚಿಗೆ ಹೋಗಿ ಕೂತ. ಮೇಷ್ಟ್ರು ಏನೂ ಕೇಳಲಿಲ್ಲ.

ಕಮೆಂಟ್ (ಬಂಟ್ವಾಳ):
ಮೇಡಂ, ಹಾಗಾದರೆ ಕೊರಗಜ್ಜ ದೈವದ ಕೋಲದಲ್ಲೂ ಬಣ್ಣ ಹಾಕುತ್ತಾರೆ. ಅದೂ ತಪ್ಪಾ?

ಉತ್ತರ:
ಅದು ಆರಾಧನೆ ಮಾರಾಯ್ರೆ. ಕಟ್ಟುಕಟ್ಟಳೆ ಇದೆ, ಕಟ್ಟುವವರಿಗೆ ವ್ರತ ಇದೆ, ನೋಡುವವರು ಕೈ ಮುಗಿಯುತ್ತಾರೆ. ತಮಾಷೆಗೆ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ 2022ರ ಜನವರಿ ನೆನಪಿರಬೇಕು. ವಿಟ್ಲ ಕಡೆ ಮದುಮಗನೊಬ್ಬ ಕೊರಗಜ್ಜನನ್ನು ಹೋಲುವ ವೇಷದಲ್ಲಿ ಹೆಣ್ಣಿನ ಮನೆಗೆ ಬಂದ, ವಿಡಿಯೊ ಹರಿದಾಡಿತು, ಕೇಸಾಯಿತು. ಆಗ ಇಡೀ ಜಿಲ್ಲೆಯೇ ಸಿಟ್ಟಾಯಿತು. ಸರಿಯೇ. ಆದರೆ ಅದೇ ಸಿಟ್ಟು ಕೊರಗ ವೇಷದ ಹುಡುಗನ ಮೇಲೆ ಯಾಕೆ ಬರುವುದಿಲ್ಲ? ದೈವಕ್ಕೆ ಅವಮಾನ ಆದರೆ ನಮಗೆ ತಾಗುತ್ತದೆ, ಆ ದೈವದ ಜನಕ್ಕಾದರೆ ತಾಗುವುದಿಲ್ಲ. ದೈವದ ಕಥೆ ಹೇಳುವ ಪಾಡ್ದನ ಹಾಡು ಕೇಳಿದವರಿಗೆ ಗೊತ್ತು, ಮುಂದೆ ಕೊರಗಜ್ಜನಾದ ಕೊರಗ ತನಿಯನನ್ನು ಒಳಗೆ ಬಿಡದೆ ಹೊರಗೇ ನಿಲ್ಲಿಸಿದ್ದರು. ಅವನಿಗೇ ನಾವೀಗ ಚಕ್ಕುಲಿ, ವೀಳ್ಯ ಇಟ್ಟು ಕಳೆದ ಬೈಕಿನ ಕೀ ಹುಡುಕಿ ಕೊಡು ಎನ್ನುತ್ತೇವೆ.

ಪ್ರಶ್ನೆ (ನರ್ಸ್, ಮಂಗಳೂರು):
ಅಕ್ಕಾ, ನಾನು ಅದೇ ಸಮುದಾಯದವಳು. ಮೂರು ಕಡೆ ಬಾಡಿಗೆ ಮನೆ ನೋಡಿದೆ. ಫೋನಿನಲ್ಲಿ ಎಲ್ಲ ಸರಿ. ಹೋದ ಮೇಲೆ "ನಿಮ್ಮದು ಯಾವ ಜನ? ಬರಿ (ಕುಲ) ಯಾವುದು?" ಎಂದು ಶುರು. ಹೇಳಿದ ಕೂಡಲೇ "ಮನೆ ಮಗನಿಗೆ ಬೇಕಂತೆ". ಒಬ್ಬರು ಬ್ರೋಕರ್ ಎದುರೇ ಜಾತಿ ಹೆಸರು ಹೇಳಿ ನಕ್ಕರು. ಏನು ಮಾಡಬಹುದು?

ಉತ್ತರ:
ತಂಗಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ರಸ್ತೆ ಇವೆ, ಖಾಸಗಿ ಬಾಡಿಗೆ ಮನೆಯ ಹೆಸರಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಸೇರಿತು. "ವ್ಯವಹಾರ ಮಾಡಲು ಒಪ್ಪದಿರುವುದು" ಅದರ ವ್ಯಾಖ್ಯೆಯಲ್ಲಿದೆ. ಆದರೆ "ಮಗನಿಗೆ ಬೇಕು" ಎಂದವರ ಮೇಲೆ ಅದನ್ನು ಸಾಬೀತು ಮಾಡುವುದು ಕಷ್ಟ.

ಬ್ರೋಕರ್ ಎದುರು ನಕ್ಕವರ ಕಥೆ ಬೇರೆ. ಎಲ್ಲಿ ನಿಂತು ಹೇಳಿದರು, ಗೇಟಿನ ಹತ್ತಿರವಾ, ಒಳಗಾ? ನಾಲ್ಕು ಗೋಡೆಯೊಳಗೆ ಬೇರೆ ಯಾರೂ ಇಲ್ಲದಾಗ ಆಡಿದ ಮಾತು ದೌರ್ಜನ್ಯ ತಡೆ ಕಾಯ್ದೆಯ ಅವಮಾನದ ಕಲಮಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಮ್ಮ ಸಂಗತಿಯಲ್ಲಿ ಬ್ರೋಕರ್ ಇದ್ದಾರೆ. ಅವರು ಸಾಕ್ಷಿ ಹೇಳುತ್ತಾರಾ, ಮೊದಲು ಅದನ್ನು ಕೇಳಿ. ವಾಟ್ಸಾಪ್ ಮೆಸೇಜು, ಕಾಲ್ ಲಿಸ್ಟ್ ಅಳಿಸಬೇಡಿ. ಆ ದಿನದ್ದೆಲ್ಲ ಇವತ್ತೇ ಕಾಗದದಲ್ಲಿ ಬರೆದಿಡಿ, ತಿಂಗಳು ಕಳೆದರೆ ಮಾತು ಮರೆತು ಹೋಗುತ್ತದೆ. ಠಾಣೆಯಲ್ಲಿ "ಮೊದಲು ವಿಚಾರಣೆ ಮಾಡುತ್ತೇವೆ, ಆಮೇಲೆ ನೋಡುವ" ಎಂದರೆ ಅದೇ ಕಾಯ್ದೆಯ 18ಎ ಕಲಮು ತೋರಿಸಿ. ಎಫ್‌ಐಆರ್ ಹಾಕಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲೇ ಸೇರಿಸಿದ್ದಾರೆ. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ. ದೌರ್ಜನ್ಯದ ದೂರಿಗೆ 14566 ಸಹಾಯವಾಣಿಯೂ ಇದೆ. ಒಬ್ಬಳೇ ಹೋಗಬೇಡಿ, ನನಗೆ ಮೆಸೇಜ್ ಮಾಡಿ, ಬರುತ್ತೇನೆ.

ಪ್ರಶ್ನೆ (ಮಣಿಪಾಲ):
ನನ್ನ ಮಗಳ ರೂಮ್‌ಮೇಟ್ ಮಿಜೋರಾಂನವಳು. ಕ್ಲಾಸಿನಲ್ಲಿ ಅವಳನ್ನು "ಚಿಂಕಿ", "ಕೊರೋನಾ" ಎಂದೇ ಕರೆಯುತ್ತಾರಂತೆ. ಇದಕ್ಕೆ ಕಾನೂನು ಇದೆಯಾ?

ಉತ್ತರ:
ಇದೆ. ಯುಜಿಸಿ 2016ರಲ್ಲಿ ರ‍್ಯಾಗಿಂಗ್ ನಿಯಮಕ್ಕೆ ತಿದ್ದುಪಡಿ ಮಾಡಿ ಬಣ್ಣ, ಜನಾಂಗ, ಜಾತಿ, ಊರು, ಭಾಷೆ ಹಿಡಿದು ಸತಾಯಿಸುವುದನ್ನೂ ರ‍್ಯಾಗಿಂಗ್ ಎಂದೇ ಸೇರಿಸಿದೆ. ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಬರೆದು ಕೊಡಿ, ಬಾಯಿಮಾತು ಬೇಡ. ಅವಳು ಪರಿಶಿಷ್ಟ ಪಂಗಡದವಳೇ ಇರಬಹುದು, ಆದರೆ ಆ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ದೌರ್ಜನ್ಯ ಕಾಯ್ದೆಯ ಮಾತು ಎತ್ತುವ ಮೊದಲು ಅವಳ ಕಾಗದ ನನಗೆ ತೋರಿಸಿ. ಮತ್ತೆ, ದೂರು ಕೊಡಬೇಕಾ ಎಂದು ಮೊದಲು ಆ ಹುಡುಗಿಯನ್ನೇ ಕೇಳಿ. ನಿಮ್ಮ ಮಗಳನ್ನಲ್ಲ.

ಸುರತ್ಕಲ್‌ನವರು ಮತ್ತೆ:
ಅಕ್ಕಾ, ಅಕ್ಕನ ಮಗನಿಗೆ ನೀವು ಬರೆದದ್ದನ್ನು ಓದಿ ಹೇಳಿದೆ. ಮುಖ ಸಣ್ಣ ಮಾಡಿಕೊಂಡ, ಆಮೇಲೆ ಹುಲಿ ವೇಷ ಹಾಕುತ್ತೇನೆ ಎಂದ. ಆದರೆ ಆಮಂತ್ರಣ 500 ಪ್ರಿಂಟ್ ಆಗಿದೆ, ಅದರಲ್ಲಿ "ಕೊರಗ ವೇಷಕ್ಕೆ ವಿಶೇಷ ಬಹುಮಾನ" ಎಂದು ಸಾಲೇ ಇದೆ. ಪೆನ್ನಿನಲ್ಲಿ ಗೀಟು ಎಳೆದರೆ ಸಾಕಾ?

ಉತ್ತರ:
ಹುಲಿಗೆ ಯಾರೂ ಕೇಸ್ ಹಾಕುವುದಿಲ್ಲ, ಧೈರ್ಯವಾಗಿ ಕುಣಿಯಲಿ. ಗೀಟು ಬೇಡ ಅಣ್ಣ, ಅಡಿಯಲ್ಲಿರುವುದು ಓದಲು ಬರುತ್ತದೆ. ಹೊಸತು ಪ್ರಿಂಟ್ ಹಾಕಿಸಿ. ದುಡ್ಡು ಕಮ್ಮಿ ಬಿದ್ದರೆ ಆ ವಿಶೇಷ ಬಹುಮಾನದ ಹಣ ಇದೆಯಲ್ಲ.