ಮಳೇಲಿ ಕುದುರೆಮುಖ–ಆಗುಂಬೆ: ನಾಲ್ಕು ಬೈಕು, ಅದರಲ್ಲೊಂದು ಹಳೇ ಸ್ಪ್ಲೆಂಡರ್. ಯಾವ ಕಡೆಯಿಂದ ಸುತ್ತೋದು?

ಡಬಲ್‌ಸ್ಟ್ಯಾಂಡ್ ಕೇಳಿದ್ದು:

ಜುಲೈ ಕೊನೇ ವಾರ, ಪುಷ್ಯ ಮಳೆ ಹೊತ್ತಿಗೆ, ಆರು ಜನ ಗೆಳೆಯರು ಮೂರು ದಿನಕ್ಕೆ ಹೊರಟಿದ್ದೇವೆ. ಹಿಮಾಲಯನ್ ಮತ್ತು ಪಲ್ಸರ್ 150ರಲ್ಲಿ ಒಬ್ಬೊಬ್ಬರು. ಕ್ಲಾಸಿಕ್ 350 ಮತ್ತು ಸ್ಪ್ಲೆಂಡರ್‌ನಲ್ಲಿ ಡಬಲ್ಸ್. ಸ್ಪ್ಲೆಂಡರ್‌ಗೆ ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್.

ಮೊದಲ ದಿನ ಬೆಂಗಳೂರು–ಶಿವಮೊಗ್ಗ–ತೀರ್ಥಹಳ್ಳಿ. ಎರಡನೇ ದಿನ ಆಗುಂಬೆ ಘಾಟಿ ಇಳಿದು ಹೆಬ್ರಿ, ಕಾರ್ಕಳ, ಕುದುರೆಮುಖ ಹತ್ತಿ ಕಳಸ. ಮೂರನೇ ದಿನ ಕೊಟ್ಟಿಗೆಹಾರ, ಮೂಡಿಗೆರೆ, ಹಾಸನದ ಮೇಲೆ ವಾಪಸ್. ಸ್ಪ್ಲೆಂಡರ್ ಡಬಲ್ಸ್‌ನಲ್ಲಿ ಘಾಟಿ ಇಳಿಯೋಕೆ ತೊಂದರೆ ಇದೆಯಾ? ಹೊರಡೋ ಮುಂಚೆ ಗಾಡಿಗಳಿಗೆ ಏನೇನು ಮಾಡಿಸಬೇಕು?

ಹತ್ತುಹನ್ನೆರಡುಪಾನಾ:

ಮೊದಲು ಒಂದು ಮಾತು. ಹಿಮಾಲಯನ್ ಖಾಲಿ ಹೋಗ್ತಾ ಸ್ಪ್ಲೆಂಡರ್ ಇಬ್ಬರನ್ನ ಹೊರೋದು ಯಾವ ನ್ಯಾಯ ಗುರೂ? ಸ್ಪ್ಲೆಂಡರಿನ ಹಿಂದಿನವರನ್ನೂ ಅವರ ಬ್ಯಾಗನ್ನೂ ಹಿಮಾಲಯನ್‌ಗೆ ಹಾಕಿ. ಅರ್ಧ ಸಮಸ್ಯೆ ಅಲ್ಲೇ ಮುಗೀತು.

ಎರಡನೇದು, ಸುತ್ತನ್ನ ತಿರುಗಿಸಿ: ಹಾಸನ, ಕಳಸದ ಕಡೆಯಿಂದ ಹೋಗಿ ಕೊನೆಗೆ ಆಗುಂಬೆ ಹತ್ತಿ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ಹತ್ತೋದು ಸಲೀಸು, ಒಂದನೇ ಎರಡನೇ ಗೇರಲ್ಲಿ ಸ್ಪ್ಲೆಂಡರ್ ಕೂಡ ಗೊಣಗುತ್ತಾ ಹತ್ತುತ್ತೆ. ಇಳಿಯುವಾಗ ಡ್ರಮ್ಮಿಗೆ ಆರೋಕೆ ಪುರುಸೊತ್ತೇ ಸಿಗಲ್ಲ. ಕಾದ ಡ್ರಮ್ ಹಿಗ್ಗಿ ಲೈನರಿಂದ (ಒಳಗಿಂದ ಡ್ರಮ್ಮಿಗೆ ಒತ್ತಿ ಹಿಡಿಯೋ ಪಟ್ಟಿ) ದೂರ ಸರಿಯುತ್ತೆ, ಲೈನರಿನ ಹಿಡಿತವೂ ಕಮ್ಮಿಯಾಗುತ್ತೆ. ಪೆಡಲ್ ದಿನಾ ನಿಲ್ಲೋ ಜಾಗಕ್ಕಿಂತ ಕೆಳಗೆ ಹೋಗ್ತಿದೆ, ಸುಟ್ಟ ವಾಸನೆ ಬರ್ತಿದೆ ಅಂದ್ರೆ ಅಗಲ ಇರೋ ಜಾಗ ನೋಡಿ ಹದಿನೈದು ನಿಮಿಷ ನಿಲ್ಲಿಸಿ. ಬಾಟ್ಲಿ ನೀರು ಸುರೀಬೇಡಿ, ಡ್ರಮ್ ಬಿರುಕು ಬಿಡಬಹುದು.

ಡಿಸ್ಕ್ ಇರೋರು ನಿಶ್ಚಿಂತೆ ಅಂದ್ಕೋಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಲ್ಲ. ತೇವ ಕುಡಿದ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತೆ. ಕುದ್ದು ಗುಳ್ಳೆ ಬಂದರೆ ಲಿವರ್ ಸ್ಪಂಜಿನ ಥರ ಒಳಗೆ ಹೋಗುತ್ತೆ. ಎರಡು ವರ್ಷದಿಂದ ಬದಲಿಸಿಲ್ಲ ಅಂದ್ರೆ ಈಗ್ಲೇ ಬದಲಿಸಿ. ಪ್ಯಾಡ್ 2 ಮಿ.ಮೀ.ಗಿಂತ ತೆಳುವಾಗಿದ್ರೆ ಅದನ್ನೂ.

ಇಳಿಜಾರಲ್ಲಿ ಗಾಡಿ ಹಿಡಿಯಬೇಕಾದ್ದು ಇಂಜಿನ್. ಹತ್ತೋಕೆ ಯಾವ ಗೇರ್ ಬೇಕಿತ್ತೋ ಇಳಿಯೋಕೂ ಅದೇ. ಸ್ಪ್ಲೆಂಡರ್ ಎರಡನೇ ಗೇರಲ್ಲಿ 20–25ರ ವೇಗ ದಾಟದಿರಲಿ, ಹೇರ್‌ಪಿನ್‌ಗೆ ಒಂದನೇದು. ಬ್ರೇಕನ್ನ ತಿರುವಿಗೆ ಮುಂಚೆಯೇ ಹಿಡಿದು ಬಿಡಿ, ತಿರುವಿನ ಒಳಗೆ ಹಿಡೀಬೇಡಿ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಉರುಳಿಸೋರಿದ್ದಾರಲ್ಲ, ಅವರನ್ನ ಜೊತೆಗೆ ಕರ್ಕೊಂಡೇ ಹೋಗಬೇಡಿ.

ಕಳಸದಕಡೆಯವ:

ಸುತ್ತು ತಿರುಗಿಸೋದು ಒಪ್ಪಿದೆ, ಆದರೆ ಪಾನಾ ಅವರು ಒಂದು ಬಿಟ್ಟರು ಮಾರಾಯ್ರೆ. ಆ ಕಡೆಯಿಂದ ಬಂದರೆ ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿಯ ಕವಲು) ದಾಟಿ ಮಾಳ ಘಾಟಿ ಇಳೀಲೇಬೇಕು. ಆಗುಂಬೆಯಷ್ಟು ಇಕ್ಕಟ್ಟಲ್ಲ, ಹಾಗಂತಲೇ ಅಲ್ಲಿ ವೇಗ ಏರುತ್ತೆ. ಮರದ ನೆರಳಿನ ತಿರುವುಗಳ ಅಂಚಲ್ಲಿ ಹಸಿರು ಪಾಚಿ ಕಟ್ಟಿರುತ್ತೆ, ಎಬಿಎಸ್ ಇದ್ದರೂ ಪಾಚಿ ಮೇಲೆ ಟೈರಿಗೆ ಹಿಡಿತ ಹುಟ್ಟಲ್ಲ. ವಾಹನಗಳ ಚಕ್ರ ಉಜ್ಜಿ ಕಪ್ಪಗಾದ ಜಾಡು ಇರುತ್ತಲ್ಲ, ನಿಮ್ಮ ಬದಿಯ ಆ ಜಾಡಲ್ಲೇ ಇರಿ.

ಮಳೆ ಜಡಿ ಹಿಡಿದಿದ್ರೆ ಘಾಟಿಯೇ ಬೇಡ. ಎಸ್.ಕೆ. ಬಾರ್ಡರ್‌ನಲ್ಲಿ ಎಡಕ್ಕೆ ಕಾರ್ಕಳ, ಬಲಕ್ಕೆ ಕೆರೆಕಟ್ಟೆ ಮೇಲೆ ಶೃಂಗೇರಿ. ಬಲಕ್ಕೆ ತಿರುಗಿ ಶೃಂಗೇರಿ ಸೇರಿದರೆ ಅಲ್ಲಿಂದ ಆಗುಂಬೆ ಸುಮಾರು ಮೂವತ್ತು ಕಿ.ಮೀ., ಎಲ್ಲಾ ಘಟ್ಟದ ಮೇಲಿನ ರಸ್ತೆ. ಆಗುಂಬೆ ನೋಡಿದ ಹಾಗೂ ಆಯ್ತು, ಸ್ಪ್ಲೆಂಡರ್ ಬ್ರೇಕ್ ಉಳಿದ ಹಾಗೂ ಆಯ್ತು.

ಕಳಸದಲ್ಲೇ ಟ್ಯಾಂಕ್ ತುಂಬಿಸಿ, ಮುಂದೆ ಕಾಡು. ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಲ್ಲಿ ಸಮಯ ಬರೆದ ಚೀಟಿ ಕೊಡ್ತಾರೆ, ಆ ಅವಧಿಯೊಳಗೆ ಆಚೆ ಗೇಟ್ ಮುಟ್ಟಬೇಕು. ನಡುವೆ ಫೋಟೋಗೆ ಅಂತ ನಿಲ್ಲಿಸುವಂತಿಲ್ಲ. ಬೆಳಿಗ್ಗೆಯೇ ದಾಟಿಬಿಡಿ. ಒಳಗೆ ಬಹಳ ಕಡೆ ನೆಟ್‌ವರ್ಕ್ ಇಲ್ಲ, ಅದಕ್ಕೇ ಸ್ಪ್ಲೆಂಡರ್ ಎರಡನೇ ಜಾಗದಲ್ಲಿ, ಸಾಮಾನು ಇರೋ ಹಿಮಾಲಯನ್ ಕೊನೇಲಿ ಇರಲಿ. ಕವಲು ಬಂದಾಗ ಹಿಂದಿನ ಗಾಡಿಯ ಲೈಟ್ ಕಾಣೋವರೆಗೆ ಮುಂದಿನವರು ನಿಲ್ಲಬೇಕು.

ಹೇರ್‌ಪಿನ್‌ನಲ್ಲಿ ಎದುರಿಂದ ಬಸ್ ಹತ್ತಿ ಬರ್ತಿದ್ರೆ ತಿರುವಿಗೆ ಮುಂಚೆಯೇ ಎಡಕ್ಕೆ ನಿಂತುಬಿಡಿ. ಅದಕ್ಕೆ ಇಡೀ ರಸ್ತೆ ಬೇಕು, ಹತ್ತೋ ಗಾಡಿಗೆ ದಾರಿ ಬಿಡೋದು ನಿಯಮವೂ ಹೌದು.

ಚೈನ್‌ಸಡಿಲ:

ಬ್ರೇಕಿನ ಮಾತು ಆಯ್ತು, ಉಳಿದದ್ದು ನಾನು ಹೇಳ್ತೀನಿ.

ಕ್ಲಚ್ ಕೇಬಲ್ ಒಂದೇ ಏಟಿಗೆ ತುಂಡಾಗಲ್ಲ. ಲಿವರಿನೊಳಗೆ ಕೂರೋ ಗುಂಡಿನ ಬುಡದಲ್ಲಿ ಎಳೆ ಎಳೆಯಾಗಿ ಹರಿಯುತ್ತೆ. ರಬ್ಬರ್ ಸರಿಸಿ ನೋಡಿ, ಒಂದೇ ಒಂದು ಎಳೆ ಮುಳ್ಳಿನ ಹಾಗೆ ಎದ್ದಿದ್ರೂ ಬದಲಿಸಿ. ಹೊಸ ಕೇಬಲ್ ಒಂದನ್ನ ಹಳೇದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿ ಇಟ್ಟರೆ ಮಳೇಲಿ ಟ್ಯಾಂಕ್ ಬಿಚ್ಚೋ ಕೆಲಸ ಇರಲ್ಲ, ಎರಡು ತುದಿ ಸಿಕ್ಕಿಸಿದರೆ ಮುಗೀತು.

ಮಳೆ ಚೈನಿನ ಎಣ್ಣೆ ತೊಳೆಯುತ್ತೆ. ದಿನಾ ಸಂಜೆ ಗಾಡಿ ನಿಲ್ಲಿಸಿದ ಕೂಡಲೇ, ಚೈನ್ ಬೆಚ್ಚಗಿರುವಾಗಲೇ, ಒರೆಸಿ 90ರ ಗೇರ್ ಆಯಿಲ್ ಹಚ್ಚಿ. ಕೆಳಗಿನ ಸಾಲಿನ ಒಳಬದಿಗೆ ಹಚ್ಚಿದರೆ ತಿರುಗುವಾಗ ತಾನೇ ಹೊರಗೆ ಹರಡಿಕೊಳ್ಳುತ್ತೆ. ಓ-ರಿಂಗ್ ಚೈನಿಗೆ (ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರೋದು) ಪೆಟ್ರೋಲ್ ತಾಗಿಸಬೇಡಿ. ಸಡಿಲ ನೋಡುವಾಗ ಚಕ್ರ ತಿರುಗಿಸ್ತಾ ಅತಿ ಬಿಗಿ ಇರೋ ಜಾಗದಲ್ಲಿ ಅಳೀಬೇಕು. ಸಡಿಲ ಇರೋ ಕಡೆ ಅಳೆದು ಬಿಗಿ ಮಾಡಿದರೆ ಇನ್ನೊಂದು ಕಡೆ ತಂತಿಯಂತಾಗಿ ಬೇರಿಂಗ್ ಹೋಗುತ್ತೆ.

ಟೈರಲ್ಲಿ ಮಳೆಗೆ ಅಂತ ಗಾಳಿ ಇಳಿಸಬೇಡಿ. ಗಾಡಿ ಮೇಲಿನ ಸ್ಟಿಕರಲ್ಲಿರೋ ಅಂಕಿಯೇ ಸರಿ, ಡಬಲ್ಸ್‌ಗೆ ಹಿಂದಿನದು ಬೇರೆ ಬರೆದಿರುತ್ತೆ. ಸ್ಪೋಕ್ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬ್ ಇರುತ್ತೆ, ಟ್ಯೂಬ್ ಇದ್ದರೆ ಟ್ಯೂಬ್‌ಲೆಸ್ ಕಿಟ್ ಅದಕ್ಕೆ ಬರಲ್ಲ. ಆ ಸೈಜಿನ ಟ್ಯೂಬ್, ಟೈರ್ ಲಿವರ್ ಎರಡು, ಪಂಪು, ಹಿಂದಿನ ಆಕ್ಸಲ್ ನಟ್ಟಿಗೆ ಹೊಂದೋ ಪಾನಾ ಇಟ್ಕೊಳ್ಳಿ. ಕಂಪನಿ ಕೊಟ್ಟ ಪಾನಾ ಚೀಲದಲ್ಲಿ ಆಕ್ಸಲ್‌ದು ಇದೆಯಾ ಅಂತ ಮನೇಲೇ ನೋಡಿ.

ಡಬಲ್‌ಸ್ಟ್ಯಾಂಡ್:

ತಿರುಗಿಸಿಯೇ ಹೋಗ್ತೀವಿ, ಹಿಂದೆ ಕೂರೋರನ್ನೂ ಬದಲಾಯಿಸಿದೆವು. ಇನ್ನೊಂದು: ನೀರು ತುಂಬಿದ ರಸ್ತೆ ದಾಟಿದ ಮೇಲೆ ಸ್ಪ್ಲೆಂಡರ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯೋದೇ ಇಲ್ಲ. ಲೈನರ್ ಬದಲಿಸಬೇಕಾ?

ಹತ್ತುಹನ್ನೆರಡುಪಾನಾ:

ಅದು ಡ್ರಮ್ಮೊಳಗೆ ಸೇರಿದ ನೀರು. ದಾಟಿದ ಕೂಡಲೇ ನಿಧಾನವಾಗಿ ಹೋಗ್ತಾ, ಥ್ರಾಟಲ್ ಕೊಡ್ತಲೇ ಎರಡೂ ಬ್ರೇಕನ್ನ ಹಗುರವಾಗಿ ಹಿಡಿದಿರಿ. ನೂರಿನ್ನೂರು ಮೀಟರ್‌ನಲ್ಲಿ ಒಣಗಿ ಹಿಡಿತ ಬರೋದು ಗೊತ್ತಾಗುತ್ತೆ, ಆಗ ಬಿಟ್ಟುಬಿಡಿ. ಒಣಗಿದ ಮೇಲೂ ಹಿಡೀದಿದ್ರೆ ಮಾತ್ರ ಲೈನರ್ ಅನುಮಾನ. ಹಿಂದಿನ ಬ್ರೇಕ್ ಒತ್ತಿ ಹಿಡಿದು ಡ್ರಮ್ ಪ್ಲೇಟಿನ ಮೇಲಿರೋ ಬಾಣದ ಗುರುತು ನೋಡಿ. ಅದು ಕೊನೇ ಗೆರೆ ಮುಟ್ಟಿದ್ರೆ ಲೈನರ್ ಸವೆದಿದೆ. ಮುಟ್ಟಿಲ್ಲ ಅಂದ್ರೆ ಪೆಡಲ್ ಸಡಿಲ 20–30 ಮಿ.ಮೀ.ಗೆ ಬರೋ ಹಾಗೆ ಹಿಂದಿನ ನಟ್ಟು ತಿರುಗಿಸಿ, ಆಮೇಲೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಉಜ್ಜದೆ ಸಲೀಸಾಗಿ ಸುತ್ತುತ್ತಾ ನೋಡ್ಕೊಳ್ಳಿ.

ಕಳಸದಕಡೆಯವ:

ಕಾಲಿಗೆ ಗಮ್‌ಬೂಟ್ ಬೇಡ, ಗೇರಿನ ಅಂದಾಜು ಸಿಗಲ್ಲ. ಶೂ ಮೇಲೆ ರೈನ್‌ಕವರ್ ಸಾಕು. ಉಂಬಳಕ್ಕೆ (ಜಿಗಣೆ) ಉಪ್ಪಿನ ಪೊಟ್ಟಣ ಜೇಬಲ್ಲಿರಲಿ, ಬ್ಯಾಗಿನ ತಳದಲ್ಲಲ್ಲ.