ತಲೆಗೆ ಕರೆಂಟ್ ಕೊಟ್ಟರೆ ಕೆಗೆಲ್ ವ್ಯಾಯಾಮ ಬೇಗ ಫಲ ಕೊಡುತ್ತಾ?

ತುಮಕೂರಿನವಳು:
ಎರಡನೇ ಹೆರಿಗೆ ಆದಮೇಲೆ ಕೆಮ್ಮಿದರೆ, ಸೀನಿದರೆ, ಮಗುವನ್ನು ಎತ್ತಿಕೊಂಡರೆ ಮೂತ್ರ ಸೋರುತ್ತದೆ. ಡಾಕ್ಟರು ಕೆಗೆಲ್ (ಮೂತ್ರ ತಡೆಯುವ ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವ ವ್ಯಾಯಾಮ) ಮಾಡಿ ಅಂತ ಒಂದು ಹಾಳೆ ಕೊಟ್ಟು ಕಳಿಸಿದರು, ಅಷ್ಟೇ. ಈಗ ಒಂದು ಕ್ಲಿನಿಕ್‌ನವರು ತಲೆಗೆ ಸಣ್ಣ ಕರೆಂಟ್ ಕೊಡುವ ಟಿಡಿಸಿಎಸ್ ಜೊತೆಗೆ ಈ ವ್ಯಾಯಾಮ ಮಾಡಿಸುತ್ತೇವೆ, ಬೇಗ ವಾಸಿಯಾಗುತ್ತದೆ ಅನ್ನುತ್ತಿದ್ದಾರೆ. ಸೋರುವುದು ಕೆಳಗೆ, ಕರೆಂಟ್ ತಲೆಗೆ ಯಾಕೆ? ಪ್ಯಾಕೇಜ್ ದುಡ್ಡೂ ಜಾಸ್ತಿ. ಮನೆಯಲ್ಲಿ ಹೇಳಿಕೊಳ್ಳಲು ಮುಜುಗರ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಫಿಸಿಯೋ ಮೈಸೂರು:
ಮುಜುಗರ ಬೇಡ, ಹೆರಿಗೆ ಆದ ಎಷ್ಟೋ ಹೆಂಗಸರಿಗೆ ಇದು ಇದೆ. ತಲೆಗೆ ಯಾಕೆ ಅಂದರೆ, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿ ಮಾಡು ಅಂತ ಹೇಳುವ ಮೆದುಳಿನ ಭಾಗ ನೆತ್ತಿಯ ಕೆಳಗೆ, ಎರಡು ಅರ್ಧಗಳ ನಡುವೆ, ಕಾಲನ್ನು ಆಡಿಸುವ ಭಾಗದ ಹತ್ತಿರವೇ ಇದೆ. ಅಲ್ಲಿಗೆ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪ್ ಕರೆಂಟ್ ಸುಮಾರು 20 ನಿಮಿಷ ಕೊಡುತ್ತಾರೆ. ಆಗ ವ್ಯಾಯಾಮ ಮಾಡಿದರೆ ಮೆದುಳು ಬೇಗ ಕಲಿಯಬಹುದು ಅನ್ನುವುದು ಯೋಚನೆ. ಯೋಚನೆ ಚೆನ್ನಾಗಿದೆ, ಆದರೆ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಬೇಗ ವಾಸಿ ಅಂತ ಮಾತು ಕೊಟ್ಟು ದುಡ್ಡು ತೆಗೆದುಕೊಳ್ಳುವುದು ಸರಿಯಲ್ಲ.

ಮೊದಲು ನೀವು ವ್ಯಾಯಾಮ ಸರಿಯಾಗಿ ಮಾಡುತ್ತಿದ್ದೀರಾ ಅಂತ ನೋಡಬೇಕು. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟು ಪರೀಕ್ಷೆ ಮಾಡಿದಾಗ ಸರಿಯಾಗಿ ಮಾಡಿದವರು 23 ಜನ. 12 ಜನ ಮಾಡಿದ ರೀತಿ ಸೋರುವುದನ್ನೇ ಹೆಚ್ಚಿಸುವಂಥದ್ದು! ಹಾಳೆ ಕೊಟ್ಟು ಕಳಿಸಿದರೆ ಏನಾಗುತ್ತದೆ ಹೇಳಿ. ಒಳಗೆ ಪರೀಕ್ಷೆ ಮಾಡಿ ಹೇಳಿಕೊಡುವ ಮಹಿಳಾ ಫಿಸಿಯೋ ಹತ್ತಿರ ಹೋಗಿ. ಕನಿಷ್ಠ 3 ತಿಂಗಳು, ದಿನಕ್ಕೆ 3 ಸಲ, ಪ್ರತಿ ಸಲ 8 ಬಾರಿಯಾದರೂ ಬಿಗಿ ಮಾಡಿ ಬಿಡಬೇಕು.

ಮಲೆನಾಡ ಅಮ್ಮ:
ಫಿಸಿಯೋ ಮೇಡಂ ಹೇಳಿದ್ದು ನಿಜ. ನನಗೆ ಜಾಸ್ತಿ ಉಪಯೋಗ ಆಗಿದ್ದು ಕೆಮ್ಮು ಬರುತ್ತದೆ ಅನ್ನಿಸಿದ ಕೂಡಲೇ ಮೊದಲೇ ಬಿಗಿ ಹಿಡಿದು ಆಮೇಲೆ ಕೆಮ್ಮುವುದು, ಬಿಂದಿಗೆ ಎತ್ತುವಾಗಲೂ ಅಷ್ಟೇ. ಉಸಿರು ಕಟ್ಟಬೇಡಿ, ಕೆಳಕ್ಕೆ ತಿಣುಕಬೇಡಿ. ಕೆಳಗೆ ನೋವಿದ್ದರೆ ಸುಮ್ನೆ ಕೆಗೆಲ್ ಶುರು ಮಾಡಬೇಡಿ ತಂಗಿ, ಸ್ನಾಯು ಮೊದಲೇ ಬಿಗಿಯಾಗಿದ್ದರೆ ನೋವು ಹೆಚ್ಚಾಗುತ್ತದೆ, ಅಂಥವರು ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು.

ಬೆಂಗಳೂರು ಓದುಗ:
ಕೆಲವು ಕಡೆ ಮ್ಯಾಗ್ನೆಟ್ ಕುರ್ಚಿಯ ಮೇಲೆ ಕೂರಿಸುತ್ತಾರೆ. ಅದು ಬೇರೆ, ಅದು ಕೆಳಗಿನ ಸ್ನಾಯು, ನರಗಳಿಗೇ ಕೆಲಸ ಕೊಡುತ್ತದೆ. ಕ್ಲಿನಿಕ್‌ನವರು ಯಾವುದನ್ನು ಹೇಳುತ್ತಿದ್ದಾರೆ ಅಂತ ಬರೆದು ಕೊಡಲು ಕೇಳಿ.

ತುಮಕೂರಿನವಳು:
ಎಲ್ಲರಿಗೂ ಥ್ಯಾಂಕ್ಸ್. ಅವರು ಹೇಳಿದ್ದು ತಲೆಗೇ. ಒಂದು ಮಾತು, ನನಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಅವರು ಅದನ್ನು ಕೇಳಲೇ ಇಲ್ಲ.

ಫಿಸಿಯೋ ಮೈಸೂರು:
ಫಿಟ್ಸ್, ತಲೆಯೊಳಗೆ ಲೋಹ, ಪೇಸ್‌ಮೇಕರ್, ಗರ್ಭ, ಇಷ್ಟನ್ನೂ ಮೊದಲು ಕೇಳಲೇಬೇಕು. ಕೇಳದೆ ರೇಟು ಹೇಳಿದ್ದಾರೆ ಅಂದರೆ ಅಲ್ಲಿಗೆ ಹೋಗಬೇಡಿ. ನ್ಯೂರಾಲಜಿಸ್ಟ್ ಒಪ್ಪದೆ ತಲೆಗೆ ಯಾವ ಕರೆಂಟೂ ಬೇಡ. ವ್ಯಾಯಾಮಕ್ಕೆ ಮಾತ್ರ ಫಿಟ್ಸ್ ಅಡ್ಡಿಯಲ್ಲ, ಈ ವಾರವೇ ಫಿಸಿಯೋ ಹತ್ತಿರ ಹೋಗಿ.